ಶುಶ್ರೂಷಾ ಶಾಲೆಯ ಬಾಗಿಲಿನಲ್ಲಿ

ಕತಾರ್ ದೇಶದ ರಾಜಧಾನಿಯಾದ ದೋಹಾದಿಂದ ದಕ್ಷಿಣಕ್ಕೆ ಹೊರಟು, ಕಡಲ ತಡಿಯ ಅಲ್ ವಕ್ರಾ ಪಟ್ಟಣವನ್ನು ಎಡಕ್ಕೆ ಬಿಟ್ಟು ಒಳನಾಡಿನ ಕಡೆಗೆ ತಿರುಗಿದರೆ ಸಿಗುವ ಊರು ಅಲ್ ವುಕೈರ್. ಒಂದು ಕಾಲಕ್ಕೆ ಮರಳುಗಾಡಿನ ಅಂಚಿನ ಪುಟ್ಟ ಹಳ್ಳಿಯಾಗಿದ್ದ ಈ ಸ್ಥಳದಲ್ಲಿ ಇಂದು ಎಜ್ದಾನ್ ವಸತಿ ಸಮುಚ್ಚಯಗಳು ಸಾಲುಸಾಲಾಗಿ ನಿಂತಿವೆ. ದೋಹಾದ ಕಚೇರಿಗಳಿಗೂ ಮೆಸಯೀದ್‌ನ ಕಾರ್ಖಾನೆಗಳಿಗೂ ದಿನವೂ ಹೋಗಿಬರುವ ಭಾರತೀಯ ಕುಟುಂಬಗಳು ಇಲ್ಲಿ ನೂರಾರು. ಅವುಗಳ ನಡುವೆ ಹಾಸನ, ತುಮಕೂರು, ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಕನ್ನಡದ ಮನೆಗಳೂ ಇವೆ. ದೋಹಾದ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ನಾನು ಅಂಥದೊಂದು ಮನೆಯವಳು.

ಕಳೆದ ಚಳಿಗಾಲದ ಒಂದು ಶುಕ್ರವಾರ ಸಂಜೆ ನಮ್ಮ ನೆರೆಮನೆಯಿಂದ ಕರೆ ಬಂದಿತು. ಮೂಲತಃ ಅರಸೀಕೆರೆ ಕಡೆಯವರಾದ ಆ ಕುಟುಂಬದ ಮಗಳು ಇಲ್ಲಿನ ಭಾರತೀಯ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಓದುತ್ತಿದ್ದಾಳೆ. ತಾನು ಬೆಂಗಳೂರಿಗೆ ಹೋಗಿ ಬಿ.ಎಸ್ಸಿ. ನರ್ಸಿಂಗ್ ಓದುತ್ತೇನೆಂದು ಅವಳು ಹಟ ಹಿಡಿದಿದ್ದಳು. ತಂದೆ ಮೌನವಾಗಿದ್ದರು. ಊರಿನಲ್ಲಿದ್ದ ಅಜ್ಜಿ ದೂರವಾಣಿಯಲ್ಲಿ, "ಇಷ್ಟು ಓದಿಸಿ ಕಂಡವರ ಮಲಮೂತ್ರ ಬಾಚೋಕೆ ಕಳಿಸ್ತೀರೇನ್ರೋ" ಎಂದು ಅಳುತ್ತಿದ್ದರು. ತಾಯಿ ನನ್ನ ಕಡೆಗೆ ತಿರುಗಿ, "ಅಕ್ಕಾ, ನೀವೇ ಹೇಳಿ. ಅರ್ಜಿ ಹಾಕೋದಾ ಬೇಡವಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ನನ್ನಲ್ಲಿರಲಿಲ್ಲ. ಏಕೆಂದರೆ ಅಜ್ಜಿಯ ಆ ಕಣ್ಣೀರಿಗೂ ಒಂದು ಇತಿಹಾಸವಿದೆ. ಮೊಮ್ಮಗಳ ಹಟಕ್ಕೂ ಇದೆ. ಶುಶ್ರೂಷಾ ಶಾಲೆಯು ಕಾಲಕಾಲಕ್ಕೆ ತನ್ನ ಬಾಗಿಲಿಗೆ ಬಂದವರಿಂದ ಏನನ್ನು ಕೇಳಿತು, ನಮ್ಮವರು ಏನನ್ನು ಕೊಟ್ಟರು ಎಂಬುದನ್ನು ತಿಳಿಯದೆ ಇಂದಿನ ಅರ್ಜಿಯನ್ನು ತುಂಬುವುದು ಅರ್ಧ ಕೆಲಸವೇ ಸರಿ. ಸಮ್ಮೇಳನಕ್ಕೆ ಆಗಮಿಸಿರುವ ಕನ್ನಡ ಬಂಧುಗಳ ಮುಂದೆ ಆ ಕಥೆಯನ್ನು ಸಂಕ್ಷೇಪವಾಗಿ ಇಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಾಲೆಗೆ ಮೊದಲು

ಪ್ರವೇಶ ಪರೀಕ್ಷೆ, ಅಂಕಪಟ್ಟಿಗಳು ಹುಟ್ಟುವುದಕ್ಕೆ ಬಹಳ ಹಿಂದೆಯೇ ಶುಶ್ರೂಷಕನ ಅರ್ಹತೆಗಳನ್ನು ನಮ್ಮವರು ಬರೆದಿಟ್ಟಿದ್ದರು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳಿವೆ ಎನ್ನುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿ ನಾಲ್ಕು ಗುಣಗಳಿರಬೇಕೆಂದೂ ಅದು ವಿಧಿಸುತ್ತದೆ. ಉಪಚಾರದ ತಿಳಿವಳಿಕೆ, ಕೈಚಳಕದ ದಕ್ಷತೆ, ರೋಗಿಯ ಮೇಲಿನ ಅನುರಾಗ, ಶುಚಿತ್ವ. ಇಂದು ಜಗತ್ತಿನ ಯಾವ ಶುಶ್ರೂಷಾ ಕಾಲೇಜಿನ ಕೈಪಿಡಿಯನ್ನು ತೆರೆದರೂ ಈ ನಾಲ್ಕೇ ಬೇರೆ ಬೇರೆ ಹೆಸರಿನಲ್ಲಿ ಕಾಣುತ್ತವೆ.

ಆದರೆ ಗ್ರಂಥದ ಗೌರವ ಬದುಕಿಗೆ ಇಳಿಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರು ಅಕ್ಷರ ಅರಿಯದ ಸೂಲಗಿತ್ತಿಯರು. ಹೆರಿಗೆಯ ನೋವು ಬಂದಾಗ ನಡುರಾತ್ರಿಯಲ್ಲಿ ಓಡಿಹೋಗಿ ಕರೆತರುತ್ತಿದ್ದ ಅವರನ್ನು, ಸೂತಕದ ಕೆಲಸ ಮುಗಿದ ಮೇಲೆ ಅಂಗಳದಿಂದಲೇ ಕಳುಹಿಸಿಕೊಟ್ಟ ಮನೆಗಳು ಎಷ್ಟೋ. ರಕ್ತ, ಮಲ, ಮೂತ್ರಗಳನ್ನು ಮುಟ್ಟುವ ಕೈ ಮೈಲಿಗೆಯೆಂಬ ಭಾವನೆ ಜಾತಿವ್ಯವಸ್ಥೆಯೊಂದಿಗೆ ಹೆಣೆದುಕೊಂಡಿತ್ತು. ಅರಸೀಕೆರೆಯ ಅಜ್ಜಿಯ ಬಾಯಿಂದ ಬಂದ ಮಾತು ಅವರ ಸ್ವಂತದ್ದಲ್ಲ. ಅದು ಅವರಿಗೆ ಬಳುವಳಿಯಾಗಿ ಬಂದದ್ದು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ಸ್ಮರಿಸುವುದು ಉಚಿತ. ತಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಯಾವ ಶಾಲೆಗೂ ಅರ್ಜಿ ಹಾಕದ ಅವರಲ್ಲಿ ಚರಕ ಹೇಳಿದ ಗುಣಗಳಿದ್ದವು. ನಾಡು ಅದನ್ನು ಗುರುತಿಸುವ ಹೊತ್ತಿಗೆ ಅವರಿಗೆ ತೊಂಬತ್ತರ ಮೇಲಾಗಿತ್ತು.

ನಾವಿರುವ ಈ ಅರಬ್ ನಾಡಿನಲ್ಲಿಯೂ ಇಂಥ ಒಂದು ಸ್ಮೃತಿ ಇದೆ. ಏಳನೆಯ ಶತಮಾನದಲ್ಲಿ ಮದೀನಾ ನಗರದಲ್ಲಿ ರುಫೈದಾ ಅಲ್ ಅಸ್ಲಮಿಯ್ಯಾ ಎಂಬ ಮಹಿಳೆ ಗುಡಾರ ಹಾಕಿ ಗಾಯಾಳುಗಳನ್ನು ಉಪಚರಿಸಿದಳೆಂದು ಇಸ್ಲಾಮೀ ಪರಂಪರೆ ಹೇಳುತ್ತದೆ. ಅರಬ್ಬೀ ಶುಶ್ರೂಷಕಿಯರು ಅವಳನ್ನು ತಮ್ಮ ಮೂಲಮಾತೆಯೆಂದು ಗೌರವಿಸುತ್ತಾರೆ.

ನಡತೆಯ ಪ್ರಮಾಣಪತ್ರ

ಶುಶ್ರೂಷೆಯನ್ನು ಶಾಲೆಯಲ್ಲಿ ಕಲಿಸಬಹುದೆಂಬ ಆಧುನಿಕ ಕಲ್ಪನೆ ಬೇರೂರಿದ್ದು ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ. ಕ್ರಿಮಿಯಾ ಯುದ್ಧದ ಅನುಭವದ ಬಲದಿಂದ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆಯನ್ನು ತೆರೆದರು. ಅಲ್ಲಿಗೆ ಅರ್ಜಿ ಹಾಕುವವಳ ವಯಸ್ಸು 25ರಿಂದ 35ರೊಳಗಿರಬೇಕಾಗಿತ್ತು. ಜೊತೆಗೆ ನಡತೆಯ ಪ್ರಮಾಣಪತ್ರ ಬೇಕಾಗಿತ್ತು. ಸೇರಿದ ಮೇಲೆ ಪ್ರತಿಯೊಬ್ಬಳ ಹೆಸರಿನಲ್ಲಿ ಒಂದು ಮಾಸಿಕ ಪಟ್ಟಿ ಇರುತ್ತಿತ್ತು. ಸಮಯಪಾಲನೆ, ಶಾಂತತೆ, ವಿಶ್ವಾಸಾರ್ಹತೆ, ಮೈಬಟ್ಟೆಯ ಚೊಕ್ಕಟತನ, ವಾರ್ಡಿನ ನಿರ್ವಹಣೆ ಮುಂತಾದವುಗಳನ್ನು ಅದರಲ್ಲಿ ಗುರುತು ಹಾಕುತ್ತಿದ್ದರು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯೆಂದರೆ ಕುಡುಕಿ, ಕೆಟ್ಟ ನಡತೆಯವಳು ಎಂಬ ಅಪವಾದವಿತ್ತು. ಅದನ್ನು ತೊಡೆಯುವುದೇ ಆ ಕಟ್ಟುನಿಟ್ಟಿನ ಉದ್ದೇಶವಾಗಿತ್ತು. ಅಜ್ಜಿಯ ಸಂಕೋಚ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಭಾರತದಲ್ಲಿ 1871ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಆರಂಭವಾಯಿತೆಂದು ಶುಶ್ರೂಷಾ ಇತಿಹಾಸದ ಪಠ್ಯಗಳು ಹೇಳುತ್ತವೆ. ಅಂದು ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳು ಮದರಾಸು ಪ್ರಾಂತಕ್ಕೆ ಸೇರಿದ್ದವು. 1885ರಲ್ಲಿ ಸ್ಥಾಪನೆಯಾದ ಲೇಡಿ ಡಫರಿನ್ ನಿಧಿಯು ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ದೊರಕಿಸುವ ಯತ್ನಕ್ಕೆ ಚಾಲನೆ ಕೊಟ್ಟಿತು.

ಕನ್ನಡ ನಾಡಿನ ಒಳಗೆ ಈ ವಿದ್ಯೆ ಬಂದದ್ದು ಬಹುಮಟ್ಟಿಗೆ ಮಿಷನ್ ಆಸ್ಪತ್ರೆಗಳ ಮೂಲಕ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆ, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಹುಟ್ಟಿದವು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಹಾಸನ, ಕೋಲಾರ, ಗದಗ-ಬೆಟಗೇರಿಗಳಲ್ಲಿಯೂ ಮಿಷನ್ ಆಸ್ಪತ್ರೆಗಳು ನೆಲೆಯೂರಿದವು. ಮೈಸೂರು ಸರ್ಕಾರವೂ ಹಿಂದೆ ಬೀಳಲಿಲ್ಲ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗು, ನಗರಕ್ಕೆ ದೊಡ್ಡ ಆಸ್ಪತ್ರೆಯೊಂದು ಎಷ್ಟು ಅಗತ್ಯವೆಂಬುದನ್ನು ಮನದಟ್ಟು ಮಾಡಿಕೊಟ್ಟಿತು. ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ, ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ತೆರೆದವು.

ಕಟ್ಟಡಗಳೇನೋ ಎದ್ದವು. ಅವುಗಳಲ್ಲಿ ಶುಶ್ರೂಷೆ ಕಲಿಯಲು ಬಂದವರು ಯಾರು? ಬಹುಪಾಲು ಕ್ರೈಸ್ತ ಮನೆತನಗಳ ಹುಡುಗಿಯರು, ಅನಾಥಾಲಯಗಳಲ್ಲಿ ಬೆಳೆದವರು, ಚಿಕ್ಕ ವಯಸ್ಸಿನಲ್ಲಿ ವಿಧವೆಯರಾದವರು. ಉಳಿದ ಸಮಾಜ ತನ್ನ ರೋಗಿಗಳನ್ನು ಆಸ್ಪತ್ರೆಗೆ ಕಳುಹಿಸಿತು, ಹೆಣ್ಣುಮಕ್ಕಳನ್ನು ಕಳುಹಿಸಲಿಲ್ಲ. ನಮ್ಮ ಅಜ್ಜ ಅಜ್ಜಿಯರ ಹಾಸಿಗೆಯ ಬಳಿ ರಾತ್ರಿ ಎಚ್ಚರವಿದ್ದವರು ಈ ಹೆಸರಿಲ್ಲದ ಹೆಣ್ಣುಮಕ್ಕಳು. ಕನ್ನಡ ನಾಡಿನ ಇತಿಹಾಸ ಗ್ರಂಥಗಳಲ್ಲಿ ಅವರಿಗೆ ಸಲ್ಲಬೇಕಾದ ಪುಟಗಳು ಇನ್ನೂ ಸಂದಿಲ್ಲ.

ಅಂಕಪಟ್ಟಿಯ ಕಾಲ

ಸ್ವಾತಂತ್ರ್ಯದ ಹೊಸ್ತಿಲಿನಲ್ಲಿ ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿ 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅವಿಭಜಿತ ಭಾರತದಲ್ಲಿ ಅಂದು ಇದ್ದ ಶುಶ್ರೂಷಕಿಯರು ಸುಮಾರು 7,000 ಮಾತ್ರ. ಅಂದರೆ 43,000 ಜನರಿಗೆ ಒಬ್ಬಳು. ವೈದ್ಯರಾದರೋ 6,300 ಜನರಿಗೆ ಒಬ್ಬರಿದ್ದರು. ದೇಶದಲ್ಲಿ ಶುಶ್ರೂಷಕಿಯರಿಗಿಂತ ವೈದ್ಯರೇ ಹಲವು ಪಟ್ಟು ಹೆಚ್ಚಾಗಿದ್ದ ಆ ವಿಚಿತ್ರ ಪರಿಸ್ಥಿತಿಗೆ ನಮ್ಮ ಸಾಮಾಜಿಕ ಸಂಕೋಚವೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಅದೇ 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾಯ್ದೆಯ ಮೂಲಕ ಭಾರತೀಯ ಶುಶ್ರೂಷಾ ಪರಿಷತ್ತು ರೂಪುಗೊಂಡು, ದೇಶಕ್ಕೆಲ್ಲ ಒಂದೇ ಬಗೆಯ ಶಿಕ್ಷಣದ ಪ್ರಯತ್ನ ಮೊದಲಾಯಿತು.

ಇಲ್ಲಿ ಕನ್ನಡಿಗರು ಮರೆಯಬಾರದ ಒಂದು ಹೆಸರಿದೆ. ಶುಶ್ರೂಷಕಿಯರ ಸೇವಾ ಪರಿಸ್ಥಿತಿಯನ್ನು ಪರಿಶೀಲಿಸಿದ 1954ರ ಸಮಿತಿಗೆ ಅಧ್ಯಕ್ಷರಾಗಿದ್ದವರು ಅಂದಿನ ಮದರಾಸು ರಾಜ್ಯದ ಆರೋಗ್ಯ ಸಚಿವ ಎ. ಬಿ. ಶೆಟ್ಟಿ. 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕನ್ನು ಸ್ಥಾಪಿಸಿದ ಅತ್ತಾವರ ಬಾಲಕೃಷ್ಣ ಶೆಟ್ಟರೇ ಇವರು. ತರಬೇತಿಯ ಪರಿಸ್ಥಿತಿ ಸುಧಾರಿಸಬೇಕು, ಶಾಲೆಗೆ ಸೇರಲು ಬೇಕಾದ ಕನಿಷ್ಠ ಅರ್ಹತೆ ಪರಿಷತ್ತಿನ ನಿಯಮಕ್ಕೆ ಅನುಗುಣವಾಗಿರಬೇಕು ಎಂದು ಆ ಸಮಿತಿ ಸಲಹೆ ನೀಡಿತು. ಬ್ಯಾಂಕಿನ ಸಂಸ್ಥಾಪಕರೆಂದು ಅವರನ್ನು ಬಲ್ಲವರು ಅನೇಕರಿದ್ದಾರೆ. ಶುಶ್ರೂಷಾ ಶಾಲೆಯ ಬಾಗಿಲನ್ನು ಸರಿಪಡಿಸಲು ಹೊರಟವರೆಂದು ಬಲ್ಲವರು ವಿರಳ.

ಏಕೀಕರಣದ ನಂತರ ನಮ್ಮ ರಾಜ್ಯದಲ್ಲಿ 1961ರಲ್ಲಿ ಶುಶ್ರೂಷಕಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆ ಬಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್, ಆ ದಶಕದಲ್ಲಿಯೇ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವನ್ನು ಆರಂಭಿಸಿತು. 1990ರಲ್ಲಿ ಮಣಿಪಾಲದಲ್ಲಿ ಶುಶ್ರೂಷಾ ಕಾಲೇಜು ಹುಟ್ಟಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿದ ನಂತರದ ವರ್ಷಗಳಲ್ಲಿ ರಾಜ್ಯದಾದ್ಯಂತ ಖಾಸಗಿ ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಕೇರಳದಿಂದ ಸಾವಿರಾರು ವಿದ್ಯಾರ್ಥಿಗಳು ಬಂದು ಸೇರಿದರು. ನಮ್ಮ ನೆಲದ ಶಾಲೆಗಳನ್ನು ನಮಗಿಂತ ಮೊದಲು ನೆರೆಯವರು ಬಳಸಿಕೊಂಡರು. ಅದಕ್ಕಾಗಿ ಅವರನ್ನು ದೂರುವುದಕ್ಕಿಂತ ಅವರ ಧೈರ್ಯವನ್ನು ಮೆಚ್ಚುವುದು ಲೇಸು.

ನಾನು ಸ್ವತಃ ಅರ್ಜಿ ಹಾಕಿದ್ದು 1990ರಲ್ಲಿ. ಮಿಷನ್ ಆಸ್ಪತ್ರೆಯೊಂದರ ಡಿಪ್ಲೊಮಾ ಶಾಲೆಯದು. ಅಂಕಪಟ್ಟಿ, ವೈದ್ಯಕೀಯ ಪ್ರಮಾಣಪತ್ರಗಳ ಜೊತೆಗೆ ತಂದೆಯ ಒಪ್ಪಿಗೆ ಪತ್ರ ಬೇಕಿತ್ತು. ನನ್ನ ತಂದೆ ಆ ಪತ್ರಕ್ಕೆ ಸಹಿ ಹಾಕಲು ಹದಿನಾಲ್ಕು ದಿನ ತೆಗೆದುಕೊಂಡರು. ಸಂದರ್ಶನದಲ್ಲಿ ಮೇಟ್ರನ್ ಅಮ್ಮನವರು ಓದಿನ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. "ನಡುರಾತ್ರಿ ಎಬ್ಬಿಸಿದರೆ ನಿನಗೆ ಸಿಟ್ಟು ಬರುತ್ತದೆಯೇ?" ಎಂದು ಕೇಳಿದರು. ಬರುತ್ತದೆ ಎಂದೆ. "ಬಂದ ಸಿಟ್ಟನ್ನು ಎಲ್ಲಿ ಇಡುತ್ತೀಯಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆದರೂ ಸೇರಿಸಿಕೊಂಡರು. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿಯೇ ಮೂರು ದಶಕಗಳು ಕಳೆದಿವೆ.

ಕಡಲಾಚೆಯ ಕರೆ

ಕತಾರಿನಲ್ಲಿ ತೈಲ ರಫ್ತು ಆರಂಭವಾದದ್ದು 1949ರಲ್ಲಿ. 1957ರಲ್ಲಿ ದೋಹಾದ ರುಮೈಲಾ ಆಸ್ಪತ್ರೆ, 1979ರಲ್ಲಿ ಹಮದ್ ವೈದ್ಯಕೀಯ ನಿಗಮ, 1982ರಲ್ಲಿ ಹಮದ್ ಜನರಲ್ ಆಸ್ಪತ್ರೆ ಬಂದವು. ನಮ್ಮ ಅಲ್ ವುಕೈರ್‌ಗೆ ಸಮೀಪದ ಅಲ್ ವಕ್ರಾ ಆಸ್ಪತ್ರೆ 2012ರಲ್ಲಿ ತೆರೆಯಿತು. ಎಪ್ಪತ್ತರ ದಶಕದಿಂದೀಚೆಗೆ ಕೊಲ್ಲಿ ರಾಷ್ಟ್ರಗಳ ಆಸ್ಪತ್ರೆಗಳು ಬೆಳೆದಂತೆಲ್ಲ ಅವುಗಳಿಗೆ ಬೇಕಾದ ಕೈಗಳು ಭಾರತ, ಫಿಲಿಪೀನ್ಸ್ ಮುಂತಾದ ದೇಶಗಳಿಂದ ಬಂದವು. ಅಂದು ಊರಿನಲ್ಲಿ ಮದುವೆಯ ಮಾತಿಗೆ ಅಡ್ಡಿಯಾಗಿದ್ದ ಉದ್ಯೋಗವೇ ಈಗ ಮದುವೆಯ ಮಾತಿನಲ್ಲಿ ಬೆಲೆಯುಳ್ಳದ್ದಾಯಿತು. ತಂಗಿಯ ಓದು, ತಮ್ಮನ ವ್ಯಾಪಾರ, ತಂದೆಯ ಸಾಲ, ಊರಿನ ಹೊಸ ಮನೆ, ಹೀಗೆ ಎಷ್ಟೋ ಸಂಸಾರಗಳು ಒಬ್ಬ ಶುಶ್ರೂಷಕಿಯ ಸಂಬಳದ ಮೇಲೆ ನಿಂತವು.

ಹಣದ ಹಿಂದೆ ದಲ್ಲಾಳಿಗಳೂ ಬಂದರು. ಕೆಲಸ ಕೊಡಿಸುವ ನೆಪದಲ್ಲಿ ಲಕ್ಷಗಟ್ಟಲೆ ಸುಲಿಯುವ ದಂಧೆಯನ್ನು ತಡೆಯಲು ಭಾರತ ಸರ್ಕಾರವು 2015ರಲ್ಲಿ, ಕತಾರ್ ಸೇರಿದಂತೆ 18 ದೇಶಗಳಿಗೆ ತೆರಳುವ ಶುಶ್ರೂಷಕಿಯರಿಗೆ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಿ, ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ಇಲ್ಲಿಗೆ ಬಂದು ಕೆಲಸ ಮಾಡಬೇಕಾದರೆ ಓದಿದ ಸಂಸ್ಥೆಯಿಂದಲೇ ನೇರವಾಗಿ ಪ್ರಮಾಣಪತ್ರಗಳ ಪರಿಶೀಲನೆಯಾಗಬೇಕು, ಗಣಕಯಂತ್ರದ ಮೂಲಕ ನಡೆಯುವ ಅರ್ಹತಾ ಪರೀಕ್ಷೆಯನ್ನು ದಾಟಬೇಕು, ಆರೋಗ್ಯ ಸಚಿವಾಲಯದ ಪರವಾನಗಿ ಪಡೆಯಬೇಕು. ಹದಿನೇಳನೆಯ ವಯಸ್ಸಿನಲ್ಲಿ ದುರ್ಬಲವಾದ ಕಾಲೇಜನ್ನು ಆರಿಸಿಕೊಂಡವರಿಗೆ ಇಪ್ಪತ್ತೈದನೆಯ ವಯಸ್ಸಿನಲ್ಲಿ ಅದರ ಬೆಲೆ ತಿಳಿಯುವುದು ಇಲ್ಲಿಯೇ.

ಕತಾರ್ ಕೂಡ ತನ್ನ ನೆಲದಲ್ಲಿಯೇ ಈ ಶಿಕ್ಷಣವನ್ನು ಬೆಳೆಸಲು ಹೊರಟಿದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯವು 2007ರಲ್ಲಿ ದೋಹಾದಲ್ಲಿ ಶುಶ್ರೂಷಾ ಶಿಕ್ಷಣವನ್ನು ಆರಂಭಿಸಿತು. 2022ರಲ್ಲಿ ಕತಾರ್ ವಿಶ್ವವಿದ್ಯಾಲಯ ತನ್ನದೇ ಶುಶ್ರೂಷಾ ಕಾಲೇಜನ್ನು ಸ್ಥಾಪಿಸಿತು. ಆದರೂ ಇಲ್ಲಿನ ಬಹುಪಾಲು ಕನ್ನಡ ಕುಟುಂಬಗಳು ಖರ್ಚನ್ನೂ ನಂಟನ್ನೂ ನೆನೆದು ಬೆಂಗಳೂರು, ಮೈಸೂರು, ಮಂಗಳೂರುಗಳ ಕಡೆಗೇ ನೋಡುತ್ತವೆ.

ಇಂದಿನ ಅರ್ಜಿ

ಅಂದು ಸಂಜೆ ನೆರೆಮನೆಯ ಮೇಜಿನ ಮೇಲೆ ನಾವು ಒಂದು ಪಟ್ಟಿ ಮಾಡಿದೆವು. ಇತರರಿಗೂ ಉಪಯುಕ್ತವಾದೀತೆಂದು ಅದರ ಸಾರವನ್ನು ಕೊಡುತ್ತಿದ್ದೇನೆ.

ಭಾರತೀಯ ಶುಶ್ರೂಷಾ ಪರಿಷತ್ತಿನ ನಿಯಮದಂತೆ ಬಿ.ಎಸ್ಸಿ. ನರ್ಸಿಂಗ್ ಸೇರುವವರಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇಕಡ 45 ಅಂಕಗಳ ಜೊತೆಗೆ ಇಂಗ್ಲಿಷಿನಲ್ಲಿ ತೇರ್ಗಡೆ ಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಶೇಕಡ 40 ಸಾಕು. ಆದ್ದರಿಂದ ಹನ್ನೊಂದನೆಯ ತರಗತಿಯಲ್ಲಿ ಜೀವಶಾಸ್ತ್ರವನ್ನು ಬಿಟ್ಟವರಿಗೆ ಬಾಗಿಲು ಅಲ್ಲಿಯೇ ಮುಚ್ಚುತ್ತದೆ. ಗಂಡುಮಕ್ಕಳೂ ಈ ಶಿಕ್ಷಣಕ್ಕೆ ಅರ್ಹರೆಂಬುದನ್ನು ನಮ್ಮವರು ಇನ್ನೂ ಮನಸ್ಸಿಗೆ ತಂದುಕೊಳ್ಳಬೇಕಾಗಿದೆ.

ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕವೂ ಈ ಸೀಟುಗಳು ಹಂಚಿಕೆಯಾಗುತ್ತಿವೆ. ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಹೊರನಾಡಿನಲ್ಲಿ ಓದಿದ ಮಕ್ಕಳು ಅದರ ವಿನಾಯಿತಿಗಳಲ್ಲಿ ಯಾವುದಕ್ಕೆ ಸೇರುತ್ತಾರೆಂಬುದನ್ನು ಒಂದು ವರ್ಷ ಮುಂಚೆಯೇ ನೋಡಿಕೊಳ್ಳಬೇಕು. ತಂದೆ ತಾಯಿಯರು ಓದಿದ ಶಾಲೆಗಳ ದಾಖಲೆ, ವರ್ಗಾವಣೆ ಪತ್ರ, ಜನ್ಮಪತ್ರಗಳಲ್ಲಿ ಹೆಸರಿನ ಒಂದಕ್ಷರ ಹೆಚ್ಚುಕಡಿಮೆಯಾದರೂ ಸರಿಪಡಿಸಲು ತಿಂಗಳುಗಳು ಬೇಕು. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗ ಕಾಯ್ದೆಯು 1947ರ ಕಾಯ್ದೆಯ ಸ್ಥಾನಕ್ಕೆಂದು ರೂಪುಗೊಂಡದ್ದು. ದೇಶಕ್ಕೆಲ್ಲ ಏಕರೂಪದ ಪ್ರವೇಶ ಪರೀಕ್ಷೆಗೂ ಅದರಲ್ಲಿ ಅವಕಾಶವಿದೆ. ಹೀಗಾಗಿ ಕಳೆದ ವರ್ಷದವರ ಮಾತನ್ನು ನಂಬದೆ ಆಯಾ ವರ್ಷದ ಪ್ರಕಟಣೆಯನ್ನೇ ಓದುವುದು ಕ್ಷೇಮ.

ಕಾಲೇಜನ್ನು ಆರಿಸುವಾಗ ಕಟ್ಟಡದ ಚಿತ್ರ ನೋಡಿ ಮರುಳಾಗಬಾರದು. ಸ್ವಂತ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆಗಳಿವೆ, ಅವುಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ವಿಶ್ವವಿದ್ಯಾಲಯದ ಮಾನ್ಯತೆ ಆ ವರ್ಷಕ್ಕೆ ಊರ್ಜಿತದಲ್ಲಿದೆಯೇ ಎಂದು ವಿಚಾರಿಸಬೇಕು. ರೋಗಿಗಳಿಲ್ಲದ ಆಸ್ಪತ್ರೆಯಲ್ಲಿ ಶುಶ್ರೂಷೆ ಕಲಿಯುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ.

ಸೇರಿದ ಮೇಲೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಶರೀರರಚನೆ, ಶರೀರಕ್ರಿಯೆ, ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳಿಂದ ಮೊದಲ್ಗೊಂಡು ಔಷಧವಿಜ್ಞಾನ, ಸೂಕ್ಷ್ಮಜೀವಿವಿಜ್ಞಾನ, ಮಕ್ಕಳ ಆರೈಕೆ, ಮನೋರೋಗ, ಸಮುದಾಯ ಆರೋಗ್ಯ ಎಲ್ಲವೂ ಬರುತ್ತವೆ. ಆದರೆ ಹುಡುಗಿಯರನ್ನು ಮೊದಲ ವರ್ಷದಲ್ಲಿ ಅಲುಗಿಸುವುದು ಪುಸ್ತಕವಲ್ಲ. ಗಂಟೆಗಟ್ಟಲೆ ನಿಂತೇ ಇರುವ ಕಾಲು, ಕೀವಿನ ವಾಸನೆ, ಬೈಯುವ ರೋಗಿ, ಮೊದಲ ಸಾವು. ಇವುಗಳಿಗೆ ಸಿದ್ಧತೆ ಮನೆಯಲ್ಲಿಯೇ ಆರಂಭವಾಗಬಹುದು. ಮುಂಜಾನೆ ಏಳುವುದು, ತನ್ನ ಹಾಸಿಗೆ ತಾನೇ ಸರಿಪಡಿಸುವುದು, ಕಾಯಿಲೆಯಾದ ಅಜ್ಜನಿಗೆ ಸ್ನಾನ ಮಾಡಿಸುವುದು, ಶೇಕಡ ಮತ್ತು ಭಿನ್ನರಾಶಿಗಳ ಲೆಕ್ಕವನ್ನು ತಪ್ಪಿಲ್ಲದೆ ಮಾಡುವುದು. ಔಷಧದ ಪ್ರಮಾಣದಲ್ಲಿ ದಶಾಂಶದ ಬಿಂದುವೊಂದು ಜಾರಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಅಪಾಯವನ್ನೂ ಮುಚ್ಚಿಡಬಾರದು. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರದಲ್ಲಿ ನಿಪಾ ರೋಗಿಯನ್ನು ಉಪಚರಿಸಿದ ಲಿನಿ ಪುತುಶ್ಶೇರಿ ಅದೇ ಸೋಂಕಿಗೆ ಬಲಿಯಾದರು. ಅವರ ಪತಿ ಆಗ ದುಡಿಯುತ್ತಿದ್ದುದು ನಮ್ಮ ನೆರೆಯ ಬಹ್ರೇನಿನಲ್ಲಿ. ಎರಡು ವರ್ಷಗಳ ಬಳಿಕ ಕೊರೋನಾ ಬಂದಾಗ ಮುಖಗವಸಿನ ಹಿಂದೆ ನಾವೆಲ್ಲರೂ ಅವರನ್ನು ನೆನೆದೆವು.

ಕೇಳುವ ಬಯಕೆ

ಈ ಪಟ್ಟಿಗೆ ನಾನು ಕೊನೆಯಲ್ಲಿ ಇನ್ನೊಂದನ್ನು ಸೇರಿಸಿದೆ: ಕನ್ನಡ. ಮನೆಯವರು ಅಚ್ಚರಿಪಟ್ಟರು. ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿರುವಾಗ ಕನ್ನಡವೇಕೆ?

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯಿಂದಲೇ ಬೆಂಗಳೂರಿಗೆ ಓದಲು ಹೋದ ಮತ್ತೊಬ್ಬ ಹುಡುಗಿ ರಜೆಗೆ ಬಂದಾಗ ನನಗೆ ಹೇಳಿದ ಪ್ರಸಂಗವನ್ನು ಅವರಿಗೆ ತಿಳಿಸಿದೆ. ಇಲ್ಲಿಯೇ ಹುಟ್ಟಿ ಬೆಳೆದ ಅವಳಿಗೆ ಮನೆಯ ಕನ್ನಡವಷ್ಟೇ ಬರುತ್ತಿತ್ತು. ವಾರ್ಡಿನಲ್ಲಿ ಚಾಮರಾಜನಗರ ಕಡೆಯ ಮುದುಕಿಯೊಬ್ಬರು, "ಸಂಕಟ ಆಯ್ತದೆ ಮಗಾ, ಸಂಕಟ" ಎಂದು ಎರಡು ಸಲ ಹೇಳಿದರಂತೆ. ಸಂಕಟವೆಂದರೆ ದುಃಖವೆಂದು ತಿಳಿದಿದ್ದ ಹುಡುಗಿ, ಮಕ್ಕಳು ನೋಡಲು ಬಂದಿಲ್ಲವೆಂಬ ಬೇಸರವೆಂದೆಣಿಸಿ ಸಮಾಧಾನ ಹೇಳಿ, ಹಾಗೆಯೇ ಬರೆದಿಟ್ಟಳು. ಆ ಕಡೆಯ ಆಡುಮಾತಿನಲ್ಲಿ ಸಂಕಟವೆಂದರೆ ಎದೆ ಹೊಟ್ಟೆಗಳಲ್ಲಿ ತಡೆಯಲಾಗದ ತಳಮಳ. ಅರ್ಧ ಗಂಟೆಯ ಮೇಲೆ ಹಾದುಹೋದ ಹಿರಿಯ ಶುಶ್ರೂಷಕಿ ಅದೇ ಮಾತನ್ನು ಕೇಳಿ ಕೂಡಲೇ ಹೃದಯದ ಪರೀಕ್ಷೆ ಮಾಡಿಸಿದರು. ಅದು ಹೃದಯಾಘಾತವೇ ಆಗಿತ್ತು. ಮುದುಕಿ ಉಳಿದರು. "ಆಂಟಿ, ಆ ಮಾತು ನನ್ನ ಭಾಷೆಯದ್ದೇ ಆಗಿತ್ತು, ಆದರೂ ನನಗೆ ಕೇಳಿಸಲಿಲ್ಲ" ಎಂದು ಆ ಹುಡುಗಿ ನನ್ನೆದುರು ಕಣ್ಣೀರು ಹಾಕಿದಳು.

ನಮ್ಮ ಈ ಉದ್ಯೋಗದ ಹೆಸರಿನಲ್ಲಿಯೇ ಇದರ ಅರ್ಥ ಅಡಗಿದೆ. ಶುಶ್ರೂಷೆ ಎಂಬ ಪದ ಬಂದಿರುವುದು 'ಶ್ರು' ಧಾತುವಿನಿಂದ. ಕೇಳಬೇಕೆಂಬ ಬಯಕೆ ಎಂಬುದೇ ಅದರ ಮೂಲಾರ್ಥ. ಸೇವೆ ಎಂಬ ಅರ್ಥ ಆಮೇಲೆ ಬಂದದ್ದು. ಹೊಟ್ಟೆ ತೊಳೆಸುವುದು, ತಲೆ ಸುತ್ತುವುದು, ಕಣ್ಣು ಕತ್ತಲಿಡುವುದು, ಕೈಕಾಲು ಜೋಮು ಹಿಡಿಯುವುದು, ಜೀವ ಬಳಲುವುದು, ಉತ್ತರ ಕರ್ನಾಟಕದವರ ತ್ರಾಸು, ಇವೆಲ್ಲ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ, ಆದರೆ ಪ್ರಾಣಕ್ಕೆ ಸಂಬಂಧಿಸಿದ ಮಾತುಗಳು. ದೋಹಾದಲ್ಲಿ ನಾನು ಅರಬ್ಬೀಯಲ್ಲಿ ನೋವಿನ ಮಾತುಗಳನ್ನು ಶ್ರಮಪಟ್ಟು ಕಲಿತೆ. ನಮ್ಮ ಮಕ್ಕಳು ತಾಯ್ನುಡಿಯಲ್ಲಿ ಅವನ್ನು ಕಲಿಯಲಾರರೇ?

ಹೊರನಾಡಿನ ಕನ್ನಡ ಶಾಲೆಗಳಲ್ಲಿ ನಾವು ಮಕ್ಕಳಿಗೆ ಪ್ರಾರ್ಥನೆ, ಹಾಡು, ನಾಟಕಗಳನ್ನು ಕಲಿಸುತ್ತೇವೆ. ಅದು ಸಂತೋಷದ ಸಂಗತಿ. ಅದರ ಜೊತೆಗೆ ಈ ಸಮ್ಮೇಳನದಲ್ಲಿ ನನ್ನದೊಂದು ವಿನಂತಿ. ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಇರುವ ವೈದ್ಯರು, ಶುಶ್ರೂಷಕಿಯರು, ಔಷಧಜ್ಞರು ವರ್ಷಕ್ಕೊಮ್ಮೆಯಾದರೂ ಹತ್ತನೆಯ ತರಗತಿ ದಾಟಿದ ಮಕ್ಕಳನ್ನೂ ಅವರ ತಂದೆ ತಾಯಿಯರನ್ನೂ ಕೂರಿಸಿಕೊಂಡು ಈ ದಾರಿಯ ವಿವರಗಳನ್ನು ಹೇಳಲಿ. ಊರಿನಲ್ಲಿ ಓದುವ ಮಗುವಿಗೆ ಅಲ್ಲಿ ಒಬ್ಬ ಹಿರಿಯರ ಆಸರೆ ಸಿಗುವಂತಾಗಲಿ. ಬೇರೆ ಬೇರೆ ಸೀಮೆಗಳ ಕನ್ನಡಿಗರು ಒಂದೇ ಸೂರಿನಡಿ ಸೇರುವ ನಮ್ಮ ಸಂಘಗಳೇ ಆಯಾ ಸೀಮೆಯ ರೋಗದ ಮಾತುಗಳನ್ನು ಕೂಡಿಹಾಕಲು ತಕ್ಕ ಸ್ಥಳ.

ಇನ್ನು ನೆರೆಮನೆಯ ಮಾತು. ಅಜ್ಜಿಗೆ ದೂರವಾಣಿಯಲ್ಲಿ ಇತಿಹಾಸವನ್ನೆಲ್ಲ ಹೇಳಲು ನನ್ನಿಂದಾಗಲಿಲ್ಲ. "ನಿಮ್ಮ ಮೊದಲ ಹೆರಿಗೆ ಮಾಡಿಸಿದವರು ಯಾರಮ್ಮಾ?" ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಒಂದು ಹೆಸರು ಹೇಳಿದರು. ಆ ಹೆಂಗಸು ರಾತ್ರಿಯೆಲ್ಲ ಬೆನ್ನು ನೀವಿದ್ದನ್ನು ನೆನೆದರು. ಆಕೆಗೆ ಒಳಗೆ ಕೂರಿಸಿ ಊಟ ಹಾಕಲಿಲ್ಲವೆಂಬುದನ್ನೂ ಅವರೇ ಹೇಳಿದರು. ಒಪ್ಪಿಗೆಯ ಮಾತು ಅಂದು ಬರಲಿಲ್ಲ. ವಾರದ ಮೇಲೆ ಮೊಮ್ಮಗಳಿಗೆ ತಾವಾಗಿಯೇ ಕರೆ ಮಾಡಿ, "ರಾತ್ರಿ ಪಾಳಿ ಅಂದ್ರೆ ಒಬ್ಬಳೇ ಇರ್ಬೇಕಾ?" ಎಂದು ವಿಚಾರಿಸಿದರಂತೆ.

ಹುಡುಗಿ ಪರೀಕ್ಷೆ ಮುಗಿಸಿ ಊರಿಗೆ ಹೊರಡಲಿದ್ದಾಳೆ. ಕಾಲೇಜು ತೆರೆಯುವ ಮೊದಲು ಅಜ್ಜಿಯ ಮನೆಯಲ್ಲಿ ಒಂದು ತಿಂಗಳಿರುವುದೆಂದು ತೀರ್ಮಾನವಾಗಿದೆ. ಅವಳ ಚೀಲದಲ್ಲಿ ಒಂದು ಖಾಲಿ ಪುಸ್ತಕವಿದೆ. ಊರಿನವರು ನೋವನ್ನು ಯಾವ ಯಾವ ಮಾತಿನಲ್ಲಿ ಹೇಳುತ್ತಾರೆಂಬುದನ್ನು ಅಜ್ಜಿಯನ್ನು ಕೇಳಿ ಅದರಲ್ಲಿ ಬರೆದುಕೊಳ್ಳುವುದು ಅವಳ ಮೊದಲ ಪಾಠ.